ನೈಲ್ ನದಿಯ ಮೇಲೆ ಫೆಲುಕ್ಕಾ ಹಾಯಿದೋಣಿಯೋ, ಕ್ರೂಸ್ ಹಡಗೋ?

ಈಜಿಪ್ಟಿಗೆ ಹೊರಟವರು ಪಿರಮಿಡ್ಡಿನ ಬಗ್ಗೆ ನನ್ನನ್ನು ಏನೂ ಕೇಳುವುದಿಲ್ಲ. ಅದು ಕೈರೋಗೆ ಅಂಟಿಕೊಂಡೇ ಇದೆ, ಹೋದವರಿಗೆಲ್ಲ ಕಾಣುತ್ತದೆ. ಅವರು ಫೋನ್ ಮಾಡಿ ಕೇಳುವುದು ನದಿಯ ಬಗ್ಗೆ. ‘ಲಕ್ಸರ್‌ನಿಂದ ಅಸ್ವಾನ್‌ವರೆಗೆ ಹಡಗಿನಲ್ಲಿ ಹೋಗೋದಾ, ಇಲ್ಲ ಬಿಳಿ ಹಾಯಿ ಕಟ್ಟಿದ ದೋಣಿ ಅಂತಾರಲ್ಲ, ಅದರಲ್ಲಾ?’ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನ್ನಿಂದ ಇದುವರೆಗೆ ಆಗಿಲ್ಲ. ಜೊತೆಗೆ ಯಾರು ಬರುತ್ತಿದ್ದಾರೆ, ಯಾವ ತಿಂಗಳು, ಕೈಯಲ್ಲಿ ಎಷ್ಟು ದಿನ ಇದೆ ಎಂದು ತಿಳಿಯದೆ ಹೇಳಿದರೆ ಅವರ ದುಡ್ಡೂ ಹೋಗುತ್ತದೆ, ರಜೆಯೂ ಹಾಳಾಗುತ್ತದೆ.

ನಾನು ಈ ನದಿಯಲ್ಲಿ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅಪ್ಪ ಅಮ್ಮನ ಜೊತೆ ಕ್ರೂಸ್ ಹಡಗಿನಲ್ಲಿ ನಾಲ್ಕು ರಾತ್ರಿ. ಎರಡನೆಯ ಸಲ ಹೆಂಡತಿಯ ಜೊತೆ ಫೆಲುಕ್ಕಾ ದೋಣಿಯಲ್ಲಿ ಎರಡು ರಾತ್ರಿ. ಆಮೇಲೆ ಅಕ್ಕ, ಭಾವ ಇವೆರಡರ ನಡುವಿನ ಮೂರನೆಯ ದಾರಿ ಹಿಡಿದು ದಹಬಿಯಾ ಎಂಬ ಹಾಯಿ ಕಟ್ಟಿದ ದೋಣಿಮನೆಯಲ್ಲಿ ಹೋಗಿಬಂದರು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಾನು ಕೇಳಿದವರಿಗೆಲ್ಲ ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ನೀವು ಹೋಗುತ್ತಿರುವುದು ಗುಡಿ ನೋಡಲಿಕ್ಕೋ, ನದಿ ನೋಡಲಿಕ್ಕೋ? ಎರಡೂ ಎನ್ನುವವರೇ ಹೆಚ್ಚು. ಆದರೂ ಯಾವುದು ಮುಂದೆ, ಯಾವುದು ಹಿಂದೆ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು ಗಾಳಿಯ ವಿಚಾರ

ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿ ಮಾತ್ರ ವರ್ಷದ ಬಹುಪಾಲು ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹೋಗುವಾಗ ನೀರು ಹೊತ್ತೊಯ್ಯುತ್ತದೆ, ಬರುವಾಗ ಗಾಳಿ ತಳ್ಳುತ್ತದೆ. ಆ ನಾಡಿನ ಇಷ್ಟು ಸಾವಿರ ವರ್ಷಗಳ ಸಾಗಾಟ, ಕಲ್ಲು ಸಾಗಿಸಿ ಗುಡಿ ಕಟ್ಟಿದ್ದು ಎಲ್ಲ ಈ ಒಂದು ಅನುಕೂಲದ ಮೇಲೆ ನಿಂತಿದೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಪ್ರಯಾಣ ಎಂದು ಬರೆಯಲು ಹಾಯಿ ಬಿಚ್ಚಿದ ದೋಣಿಯ ಚಿತ್ರ, ಉತ್ತರಕ್ಕೆ ಪ್ರಯಾಣ ಎನ್ನಲು ಹಾಯಿ ಇಲ್ಲದ ದೋಣಿಯ ಚಿತ್ರ. ಗುಡಿಯ ಗೋಡೆಯಲ್ಲಿ ಇದನ್ನು ಒಮ್ಮೆ ಗುರುತು ಹಿಡಿದರೆ ಸಾಕು, ಆಮೇಲೆ ಎಲ್ಲಿ ಹೋದರೂ ಕಣ್ಣು ಅದನ್ನೇ ಹುಡುಕುತ್ತದೆ.

ಪ್ರವಾಸಿಗಳು ಓಡಾಡುವುದು ಲಕ್ಸರ್ ಮತ್ತು ಅಸ್ವಾನ್ ನಡುವಿನ ಇನ್ನೂರು ಚಿಲ್ಲರೆ ಕಿಲೋಮೀಟರಿನಲ್ಲಿ. ಉತ್ತರದಿಂದ ಬಂದರೆ ಲಕ್ಸರ್ ಆದ ಮೇಲೆ ಎಸ್ನಾ, ಎಡ್ಫು, ಕೋಮ್ ಒಂಬೋ, ಕೊನೆಗೆ ಅಸ್ವಾನ್. ಕ್ರೂಸ್ ಹಡಗಿಗೆ ಎಂಜಿನ್ ಇರುವುದರಿಂದ ಅದು ಎರಡೂ ದಿಕ್ಕಿಗೆ ಹೋಗುತ್ತದೆ. ರಾತ್ರಿ ಉಳಿಯುವ ಫೆಲುಕ್ಕಾ ಪ್ರಯಾಣ ಸಾಮಾನ್ಯವಾಗಿ ಅಸ್ವಾನಿನಲ್ಲೇ ಶುರುವಾಗುತ್ತದೆ. ಹರಿವಿನ ಜೊತೆ ಉತ್ತರಕ್ಕೆ ಇಳಿಯುತ್ತಾ, ಎದುರುಗಾಳಿಗೆ ಈ ದಡದಿಂದ ಆ ದಡಕ್ಕೆ ಓರೆಯಾಗಿ ಹಾಯುತ್ತಾ ಸಾಗುತ್ತದೆ. ಗಾಳಿ ಪೂರ್ತಿ ಬಿದ್ದುಹೋದರೂ ನೀರೇ ನಿಧಾನಕ್ಕೆ ಒಯ್ಯುತ್ತಿರುತ್ತದೆ ಎಂಬುದು ಅಂಬಿಗನ ಲೆಕ್ಕಾಚಾರ. ನಿಮ್ಮ ವಿಮಾನ, ರೈಲು ಟಿಕೆಟ್ ಮಾಡಿಸುವ ಮುಂಚೆ ಇದು ಗೊತ್ತಿರಲಿ. ಫೆಲುಕ್ಕಾದಲ್ಲಿ ಮಲಗುವ ಆಸೆ ಇದ್ದವರು ಮೊದಲು ಅಸ್ವಾನ್ ಸೇರಿಕೊಳ್ಳಬೇಕು.

ಮೊಸಳೆಯ ಬಗ್ಗೆಯೂ ಕೇಳುತ್ತಾರೆ. ಅಸ್ವಾನಿನ ದೊಡ್ಡ ಅಣೆಕಟ್ಟು 1970ರಲ್ಲಿ ಮುಗಿಯಿತು. ಅದರ ಹಿಂದಿನ ನಾಸರ್ ಸರೋವರದಲ್ಲಿ ಮೊಸಳೆಗಳಿವೆ. ಅಣೆಕಟ್ಟಿನ ಕೆಳಗೆ, ಈ ಪ್ರಯಾಣದ ದಾರಿಯಲ್ಲಿ ನೀವು ನೋಡುವುದು ಕೋಮ್ ಒಂಬೋ ಗುಡಿಯ ಪಕ್ಕದ ಸಂಗ್ರಹಾಲಯದಲ್ಲಿ, ಬಟ್ಟೆ ಸುತ್ತಿ ಮಮ್ಮಿ ಮಾಡಿಟ್ಟ ಮೊಸಳೆಗಳನ್ನು. ಅದೇ ಅಣೆಕಟ್ಟು ನದಿಯ ವಾರ್ಷಿಕ ಪ್ರವಾಹವನ್ನೂ ನಿಲ್ಲಿಸಿತು. ಹಾಗಾಗಿ ಈಗ ಹೊಳೆ ಉಕ್ಕಿ ಪ್ರಯಾಣ ನಿಂತುಹೋಗುವ ಭಯ ಇಲ್ಲ.

ಕ್ರೂಸ್ ಹಡಗು: ಗುಡಿ ಮುಂದೆ ಇಟ್ಟವರಿಗೆ

ಕ್ರೂಸ್ ಎಂದ ಕೂಡಲೇ ಸಮುದ್ರದ ದೈತ್ಯ ಹಡಗು ಕಲ್ಪಿಸಿಕೊಳ್ಳಬೇಡಿ. ಇದು ನಾಲ್ಕೈದು ಅಂತಸ್ತಿನ, ಐವತ್ತು ಅರವತ್ತು ಕೋಣೆಗಳ ತೇಲುವ ಹೋಟೆಲು. ಸ್ನಾನದ ಕೋಣೆ, ಎಸಿ, ಮೂರು ಹೊತ್ತಿನ ಊಟ, ಮೇಲಿನ ತಾರಸಿಯಲ್ಲಿ ಪುಟ್ಟ ಈಜುಕೊಳ, ಸಂಜೆ ನಾಲ್ಕಕ್ಕೆ ಚಹಾ. ಲಕ್ಸರ್‌ನಿಂದ ಹೊರಟರೆ ನಾಲ್ಕು ರಾತ್ರಿ, ಅಸ್ವಾನ್‌ನಿಂದ ಹೊರಟರೆ ಮೂರು ರಾತ್ರಿ ಎನ್ನುವುದು ರೂಢಿ. ನೈಲ್ ಮೇಲೆ ಪ್ರವಾಸಿಗಳನ್ನು ಗುಂಪಾಗಿ ಕರೆದೊಯ್ಯುವ ವ್ಯಾಪಾರ ಹೊಸದೇನಲ್ಲ. ಸೂಯೆಜ್ ಕಾಲುವೆ ತೆರೆದ 1869ರಲ್ಲೇ ಇಂಗ್ಲೆಂಡಿನ ಥಾಮಸ್ ಕುಕ್ ತನ್ನ ಗಿರಾಕಿಗಳನ್ನು ಆವಿಹಡಗಿನಲ್ಲಿ ಈ ನದಿಗೆ ಕರೆತಂದಿದ್ದ.

ನಮ್ಮ ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಬೇಕು. ಇಂಥವರನ್ನು ಕಟ್ಟಿಕೊಂಡು ಹೋಗುವಾಗ ಕ್ರೂಸ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ ಎಂದು ಧೈರ್ಯವಾಗಿ ಹೇಳುತ್ತೇನೆ. ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಆಯಿತು, ಮತ್ತೆ ಕಟ್ಟುವುದು ಕೊನೆಯ ದಿನ. ಕೋಮ್ ಒಂಬೋದಲ್ಲಿ ಹಡಗು ನಿಲ್ಲುವುದೇ ಗುಡಿಯ ಕೆಳಗೆ. ಇಳಿದು ಹತ್ತು ಹೆಜ್ಜೆ ನಡೆದು ತಲೆ ಎತ್ತಿದರೆ ದೀಪದ ಬೆಳಕಿನಲ್ಲಿ ಕಂಬಗಳು. ಒಂದೇ ಗುಡಿಯಲ್ಲಿ ಎರಡು ಬಾಗಿಲು, ಎರಡು ಗರ್ಭಗುಡಿ: ಒಂದು ಮೊಸಳೆಮುಖದ ಸೋಬೆಕ್‌ಗೆ, ಇನ್ನೊಂದು ಗಿಡುಗದ ಮುಖದ ಹೋರಸ್‌ಗೆ. ‘ಹರಿಹರ ಗುಡಿ ಇದ್ದ ಹಾಗೆ’ ಎಂದು ಅಪ್ಪ ಅಂದಿದ್ದು ನೆನಪಿದೆ. ಹರಿಹರದಲ್ಲಿ ಎರಡು ದೇವರು ಒಂದೇ ವಿಗ್ರಹದಲ್ಲಿ ಕೂಡಿದ್ದಾರೆ, ಇಲ್ಲಿ ಮನೆ ಪಾಲು ಮಾಡಿಕೊಂಡು ಇದ್ದಾರೆ ಎಂದು ಅವರೇ ಅದನ್ನು ತಿದ್ದಿಕೊಂಡರು.

ಎಡ್ಫುವಿನ ಹೋರಸ್ ಗುಡಿಗಾಗಿಯಾದರೂ ಈ ದಾರಿಯಲ್ಲಿ ಬರಬೇಕು. ಕ್ರಿ.ಪೂ. 237ರಲ್ಲಿ ಶುರುಮಾಡಿ ಕ್ರಿ.ಪೂ. 57ರಲ್ಲಿ ಮುಗಿಸಿದ ಕಟ್ಟಡ ಅದು, ನೂರಾ ಎಂಬತ್ತು ವರ್ಷದ ಕೆಲಸ. ಶತಮಾನಗಳ ಕಾಲ ಮರಳಿನಲ್ಲಿ ಹೂತಿದ್ದರಿಂದಲೇ ಇಷ್ಟು ಚೆನ್ನಾಗಿ ಉಳಿದಿದೆ. 1860ರಲ್ಲಿ ಫ್ರೆಂಚ್ ಪುರಾತತ್ವಜ್ಞ ಮಾರಿಯೆಟ್ ಅಗೆಸಲು ಶುರುಮಾಡಿದಾಗ ಛಾವಣಿಯ ಮೇಲೆ ಊರಿನವರ ಮನೆಗಳಿದ್ದವು. ಆದರೆ ಕ್ರೂಸ್‌ನವರಿಗೆ ಇಲ್ಲೊಂದು ಕಷ್ಟ ಇದೆ. ಎಲ್ಲ ಹಡಗುಗಳ ವೇಳಾಪಟ್ಟಿಯೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಎಲ್ಲರೂ ಒಂದೇ ಬೆಳಗಿನ ಜಾವ ಗುಡಿ ಮುಂದೆ ನಿಲ್ಲುತ್ತಾರೆ. ನಾವು ಹೋದಾಗ ಗರ್ಭಗುಡಿಯ ಕಪ್ಪು ಕಲ್ಲಿನ ಮಂಟಪದ ಮುಂದೆ ನಿಂತದ್ದು ಅರ್ಧ ನಿಮಿಷ. ಹಿಂದಿನಿಂದ ತಳ್ಳುತ್ತಿದ್ದರು. ದಡದಿಂದ ಗುಡಿಗೆ ಕುದುರೆಗಾಡಿಯಲ್ಲಿ ಕರೆದೊಯ್ಯುತ್ತಾರೆ. ಆ ಕುದುರೆಗಳ ಪಕ್ಕೆಲುಬು ಎಣಿಸಬಹುದು, ಕೆಲವುಗಳ ಬೆನ್ನಿನಲ್ಲಿ ಹುಣ್ಣು. ದಯವಿಟ್ಟು ಆಟೋ ಕೇಳಿ ತೆಗೆದುಕೊಳ್ಳಿ. ಅಲ್ಲಿಯೂ ನಮ್ಮ ಊರಿನಂಥದೇ ಮೂರು ಚಕ್ರದ ಗಾಡಿ ಓಡುತ್ತದೆ.

ಕ್ರೂಸ್‌ನ ಪುಸ್ತಿಕೆಯಲ್ಲಿ ಹಾಕದ ವಿಷಯ ಹಡಗುಗಳು ನಿಲ್ಲುವ ರೀತಿ. ದಡದಲ್ಲಿ ಜಾಗ ಸಾಲದೆ ಒಂದರ ಪಕ್ಕ ಒಂದು, ಮೈಗೆ ಮೈ ತಾಗಿಸಿ ಕಟ್ಟುತ್ತಾರೆ. ಎಡ್ಫುವಿನಲ್ಲಿ ನಮ್ಮದು ಐದನೆಯದು. ದಡಕ್ಕೆ ಹೋಗಲು ಇನ್ನು ನಾಲ್ಕು ಹಡಗುಗಳ ಲಾಬಿಗಳನ್ನು ದಾಟಬೇಕಾಯಿತು. ನಡುವಿನ ಹಲಗೆಯ ಮೇಲೆ ಅಮ್ಮನ ಕೈ ಹಿಡಿದುಕೊಂಡೇ ನಡೆದೆ. ಬೆಳಿಗ್ಗೆ ಎದ್ದು ನದಿ ನೋಡೋಣ ಎಂದು ಪರದೆ ಸರಿಸಿದರೆ ಒಂದು ಗೇಣು ದೂರದಲ್ಲಿ ಬೇರೆ ಹಡಗಿನ ಕಿಟಕಿ, ಅದರಾಚೆ ಯಾರೋ ಹಲ್ಲುಜ್ಜುತ್ತಿದ್ದಾರೆ. ಅಮ್ಮ ಆಮೇಲೆ ನಿಂತ ಊರಿನಲ್ಲೆಲ್ಲ ಪರದೆ ತೆಗೆಯಲೇ ಇಲ್ಲ. ನಿಂತಾಗಲೂ ಜನರೇಟರ್ ಓಡುತ್ತಿರುತ್ತದೆ, ಡೀಸೆಲ್ ವಾಸನೆ ಕೆಳಗಿನ ಕೋಣೆಗಳಿಗೆ ಬರುತ್ತದೆ. ಕೋಣೆ ಕಾದಿರಿಸುವಾಗ ‘ಮೇಲಿನ ಅಂತಸ್ತು, ಮುಂಭಾಗ’ ಎಂದು ಬರವಣಿಗೆಯಲ್ಲೇ ಕೇಳಿ. ಲಿಫ್ಟ್ ಇದೆಯೇ ಎಂದೂ ಕೇಳಿ. ಬಹಳ ಹಡಗುಗಳಲ್ಲಿ ಇಲ್ಲ, ಊಟದ ಕೋಣೆ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿರುತ್ತದೆ.

ಇಷ್ಟಾದರೂ ಆ ಪ್ರಯಾಣದಲ್ಲಿ ಅಮ್ಮ ಇವತ್ತಿಗೂ ಹೇಳಿ ಹೇಳಿ ನಗುವುದು ಎಸ್ನಾದ ಕಥೆ. ಅಲ್ಲಿ ನದಿಗೆ ಅಡ್ಡ ಕಟ್ಟೆ ಇದೆ. ಹಡಗು ಲಾಕ್‌ಗೇಟಿನೊಳಗೆ ಹೋಗಿ, ನೀರಿನ ಮಟ್ಟ ಏರಿಸಿ ಅಥವಾ ಇಳಿಸಿ, ಆಚೆ ಬಿಡಬೇಕು. ಒಂದೋ ಎರಡೋ ಹಡಗು ಒಳಗೆ ಹೋದರೆ ಉಳಿದವು ಸಾಲಿನಲ್ಲಿ ಗಂಟೆಗಟ್ಟಲೆ ಕಾಯುತ್ತವೆ. ಆಗ ಪುಟ್ಟ ದೋಣಿಗಳಲ್ಲಿ ಬಟ್ಟೆ ವ್ಯಾಪಾರಿಗಳು ಬಂದು ಮುತ್ತುತ್ತಾರೆ. ಮೇಜುಬಟ್ಟೆ, ಶಾಲು, ಗಲಾಬಿಯಾ ಎಂಬ ಉದ್ದ ನಿಲುವಂಗಿ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಾಲ್ಕು ಅಂತಸ್ತಿನ ಮೇಲಿನ ತಾರಸಿಗೆ ಗುರಿಯಿಟ್ಟು ಎಸೆಯುತ್ತಾರೆ. ಬೇಡವಾದರೆ ವಾಪಸ್ ಎಸೆಯಬೇಕು, ಬೇಕಾದರೆ ದುಡ್ಡನ್ನು ಅದೇ ಚೀಲದಲ್ಲಿಟ್ಟು ಕೆಳಗೆ ಬಿಡಬೇಕು. ಅಮ್ಮ ಕಟಕಟೆಯ ಮೇಲೆ ಬಾಗಿ ‘ಜಾಸ್ತಿ ಆಯ್ತಪ್ಪಾ, ಕಡಿಮೆ ಮಾಡು’ ಎಂದು ಕನ್ನಡದಲ್ಲೇ ಬೆರಳು ತೋರಿಸಿ ಚೌಕಾಸಿ ಮಾಡಿದರು. ಅವನು ಅರಬ್ಬಿಯಲ್ಲಿ ಎದೆ ಮುಟ್ಟಿಕೊಂಡು ಆಗಲ್ಲ ಅಂದ. ಆರು ಸಲ ಮೇಲೆ ಕೆಳಗೆ ಆದ ಮೇಲೆ ನೀಲಿ ಮೇಜುಬಟ್ಟೆ ನಮ್ಮದಾಯಿತು. ಈಗಲೂ ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತದೆ.

ಎಸ್ನಾದ ಲಾಕ್ ವರ್ಷದಲ್ಲಿ ಕೆಲವು ದಿನ ದುರಸ್ತಿಗಾಗಿ ಮುಚ್ಚಿರುತ್ತದೆ. ಆಗ ಪ್ರಯಾಣಿಕರನ್ನು ಲಕ್ಸರ್‌ನಿಂದ ಎಸ್ನಾದವರೆಗೆ ಬಸ್ಸಿನಲ್ಲಿ ಸಾಗಿಸುತ್ತಾರೆ. ನಿಮ್ಮ ತಾರೀಖಿಗೆ ಲಾಕ್ ತೆರೆದಿದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳುವುದು ಒಳ್ಳೆಯದು.

ಇನ್ನೊಂದು ಮಾತು. ನಾಲ್ಕು ರಾತ್ರಿ ಎಂದರೆ ನಾಲ್ಕು ದಿನ ನದಿಯಲ್ಲಿ ತೇಲುತ್ತೀರಿ ಎಂದಲ್ಲ. ಹಡಗು ದಡದಲ್ಲಿ ಕಟ್ಟಿಕೊಂಡು ನಿಂತಿರುವ ಹೊತ್ತೇ ಜಾಸ್ತಿ, ಚಲಿಸುವ ಹೊತ್ತಿನಲ್ಲೂ ಒಂದಷ್ಟು ಪಾಲು ರಾತ್ರಿಗೆ ಹೋಗುತ್ತದೆ. ಹಗಲು ಚಲಿಸುವ ಆ ಒಂದೆರಡು ಮಧ್ಯಾಹ್ನ ಇವೆಯಲ್ಲ, ಅವನ್ನು ಕೋಣೆಯಲ್ಲಿ ನಿದ್ದೆ ಮಾಡಿ ಕಳೆಯಬೇಡಿ. ಮೇಲಿನ ತಾರಸಿಯಲ್ಲಿ ಮುಂದಿನ ಕುರ್ಚಿ ಹಿಡಿದು ಕೂತುಕೊಳ್ಳಿ. ಖರ್ಜೂರದ ತೋಟ, ಅದರ ಹಿಂದೆ ಒಂದು ಪಟ್ಟಿ ಹಸಿರು, ಅದರ ಹಿಂದೆಯೇ ಬೋಳು ಮರಳುಗುಡ್ಡ: ಹೊಳೆಯ ನೀರು ಮುಟ್ಟಿದಲ್ಲಿಗೆ ಊರು, ಮುಟ್ಟದಲ್ಲಿಗೆ ಮರುಭೂಮಿ. ಎತ್ತರದಿಂದ ಈ ಗೆರೆ ಕಾಣುವಷ್ಟು ಚೆನ್ನಾಗಿ ಫೆಲುಕ್ಕಾದಿಂದ ಕಾಣುವುದಿಲ್ಲ.

ಫೆಲುಕ್ಕಾ: ನದಿ ಮುಂದೆ ಇಟ್ಟವರಿಗೆ

ಫೆಲುಕ್ಕಾ ಅಗಲವಾದ, ಎಂಜಿನ್ ಇಲ್ಲದ ಮರದ ದೋಣಿ. ಒಂದು ಕೂವೆಮರ, ಅದಕ್ಕೆ ಓರೆಯಾಗಿ ಏರಿಸಿದ ಉದ್ದನೆಯ ಅಡ್ಡಗಳ, ಅದರಿಂದ ಇಳಿಬಿಟ್ಟ ತ್ರಿಕೋನದ ಹಾಯಿ. ಫೇರೋಗಳ ಕಾಲದಿಂದ ಹೀಗೇ ಇದೆ ಎಂದು ಗೈಡುಗಳು ಹೇಳುವುದು ಪೂರ್ತಿ ಸರಿಯಲ್ಲ. ಗುಡಿಯ ಗೋಡೆಗಳಲ್ಲಿರುವ ದೋಣಿಗಳಿಗೆ ಚೌಕದ ಹಾಯಿ. ತ್ರಿಕೋನದ ಹಾಯಿ ಬಹಳ ಕಾಲದ ಮೇಲೆ ಬಂದದ್ದು, ಎದುರುಗಾಳಿಗೆ ಓರೆ ಹಾಯಲು ಅದೇ ಬೇಕು. ದೋಣಿಯ ಮೇಲ್ಭಾಗಕ್ಕೆಲ್ಲ ಹಲಗೆ ಹಾಸಿ, ಮೇಲೆ ಉದ್ದಗಲಕ್ಕೂ ಹಾಸಿಗೆ ಹರವಿರುತ್ತಾರೆ. ಹಗಲು ಅಲ್ಲೇ ಕೂರುವುದು, ಅಲ್ಲೇ ಉಣ್ಣುವುದು, ರಾತ್ರಿ ಅಲ್ಲೇ ಮಲಗುವುದು. ಕೋಣೆ ಎಂಬುದಿಲ್ಲ, ಗೋಡೆ ಇಲ್ಲ. ಬಿಸಿಲಿಗೆ ಮೇಲೊಂದು ಬಟ್ಟೆ, ರಾತ್ರಿ ಚಳಿಗೆ ಸುತ್ತ ಒಂದು ಪರದೆ. ಆರೆಂಟು ಜನ ಹಿಡಿಸುತ್ತಾರೆ.

ಶೌಚದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಫೆಲುಕ್ಕಾದಲ್ಲಿ ಶೌಚಾಲಯ ಇರುವುದಿಲ್ಲ. ಕೆಲವರು ಹಿಂದೆ ಒಂದು ಸಹಾಯಕ ದೋಣಿ ಕಳಿಸುತ್ತಾರೆ, ಅದರಲ್ಲಿ ಶೌಚ, ಸ್ನಾನದ ಏರ್ಪಾಡು ಇರುತ್ತದೆ. ಅದು ಇಲ್ಲದಿದ್ದರೆ ದಡಕ್ಕೆ ಹಚ್ಚಿಸಿ, ಜೊಂಡಿನ ಮರೆಗೆ ಹೋಗಿಬರಬೇಕು. ಗಂಡಸರಿಗೆ ಇದು ಕಷ್ಟವಲ್ಲ. ಹೆಂಗಸರಿಗೆ, ಅದರಲ್ಲೂ ಮುಟ್ಟಿನ ದಿನಗಳಲ್ಲಿ, ಎರಡು ಹಗಲು ಎರಡು ರಾತ್ರಿ ಇದೇ ಒಂದು ಚಿಂತೆಯಾಗಿ ಕೂರುತ್ತದೆ. ನನ್ನ ಹೆಂಡತಿ ಮೊದಲ ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು, ಸಂಜೆಗೆ ತಲೆನೋವು ಹಿಡಿಯಿತು. ಅಂಥ ಬಿಸಿಲಿನಲ್ಲಿ ಹಾಗೆ ಮಾಡಲೇಬಾರದು. ಎರಡನೆಯ ಸಲ ಹೋಗುವುದಾದರೆ ಸಹಾಯಕ ದೋಣಿ ಇದ್ದರೆ ಮಾತ್ರ ಎಂದು ಅವಳು ಹೇಳಿದ್ದಾಳೆ. ಅವಳ ಮಾತೇ ನನ್ನ ಸಲಹೆಯೂ ಹೌದು.

ನಮ್ಮ ದೋಣಿಯ ರಯ್ಯಿಸ್, ಅಂದರೆ ಯಜಮಾನ ಅಂಬಿಗ, ಅಸ್ವಾನ್ ಹತ್ತಿರದ ನುಬಿಯನ್ ಊರಿನವರು. ಕಾಲಿನಿಂದ ಚುಕ್ಕಾಣಿ ಒತ್ತಿಹಿಡಿದು ಕೈಯಲ್ಲಿ ಚಹಾ ಸೋಸುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಹಾಯಿ ಒದ್ದೆ ಸೀರೆಯ ಹಾಗೆ ಜೋತುಬಿತ್ತು. ಅವರು ಆಕಾಶ ನೋಡಿ ‘ಮಾಫೀಶ್ ಹವಾ’ ಅಂದರು. ಗಾಳಿ ಇಲ್ಲ. ಹವಾ ಎಂಬ ಆ ಪದ ನಮಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ನಾವು ಇಂಥ ಪದಗಳನ್ನು ಆರಿಸುತ್ತಾ ಕೂತೆವು: ಕುರ್ಚಿಗೆ ಅವರದು ಕುರ್ಸಿ, ಸಾಬೂನಿಗೆ ಸಾಬೂನ್, ಬಕ್ಷೀಸಿಗೆ ಬಕ್ಷೀಶ್. ಮೂರು ಗಂಟೆಯ ಹೊತ್ತು ದೋಣಿ ನೀರಿನ ಜೊತೆ ತೇಲಿದ್ದು ಬಿಟ್ಟರೆ ಏನೂ ನಡೆಯಲಿಲ್ಲ. ದಡದಲ್ಲಿ ಕತ್ತೆ ಅರಚಿದ್ದು, ತೋಟಕ್ಕೆ ನೀರೆತ್ತುವ ಪಂಪಿನ ಟುಕ್ ಟುಕ್, ಬಟ್ಟೆ ಒಗೆಯುವವರ ಮಾತು, ಎಲ್ಲ ನೀರಿನ ಮೇಲಿನಿಂದ ಬಂದು ಕಿವಿಗೆ ಬೀಳುತ್ತಿತ್ತು. ಇದೇ ದಾರಿಯಲ್ಲಿ ಕ್ರೂಸ್‌ನಲ್ಲಿ ಹೋಗಿದ್ದಾಗ ಇದರಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.

ಸಂಜೆ ದಡಕ್ಕೆ ಹಚ್ಚಿದ ಮೇಲೆ ಹಾಯಿ ಇಳಿಸುವುದಿಲ್ಲ, ಸುತ್ತುತ್ತಾರೆ. ಜೊತೆಗಿದ್ದ ಹುಡುಗ ಬರಿಗಾಲಲ್ಲಿ ಆ ಓರೆ ಗಳದ ಮೇಲೆ ತೆಂಗಿನಮರ ಹತ್ತುವವರ ಹಾಗೆ ಹತ್ತಿ, ಹೊಟ್ಟೆಯ ಮೇಲೆ ಮಲಗಿ, ಕೈಯಿಂದ ಬಟ್ಟೆ ಮಡಚಿ ಮಡಚಿ ಹಗ್ಗ ಬಿಗಿಯುತ್ತಾ ತುದಿಯವರೆಗೆ ಹೋದ. ಕೆಳಗೆ ನಿಂತು ನೋಡುತ್ತಿದ್ದ ನಮಗೆ ಎದೆ ಹೊಡೆದುಕೊಳ್ಳುತ್ತಿತ್ತು. ರಯ್ಯಿಸ್ ತಿರುಗಿಯೂ ನೋಡಲಿಲ್ಲ, ಸ್ಟೋವ್ ಹಚ್ಚಿ ಈರುಳ್ಳಿ ಹೆಚ್ಚುತ್ತಿದ್ದರು.

ಫೆಲುಕ್ಕಾದಲ್ಲಿ ಗುಡಿಯ ಆಸೆ ಕಡಿಮೆ ಇಟ್ಟುಕೊಳ್ಳಿ. ಒಂದು ರಾತ್ರಿಯ ಪ್ರಯಾಣವಾದರೆ ಅಸ್ವಾನಿನಿಂದ ಸುಮಾರು 45 ಕಿಲೋಮೀಟರ್ ದೂರದ ಕೋಮ್ ಒಂಬೋ ತಲುಪುವುದೂ ಗಾಳಿಯ ಕೈಯಲ್ಲಿದೆ. ನಾವು ಎರಡು ರಾತ್ರಿ ಇದ್ದೂ ಎಡ್ಫುವಿಗೆ ದೋಣಿಯಲ್ಲಿ ಮುಟ್ಟಲಿಲ್ಲ, ಕೊನೆಯ ಭಾಗಕ್ಕೆ ವ್ಯಾನ್ ಹತ್ತಿಸಿದರು. ಮಾತಾಡುವಾಗಲೇ ಇದನ್ನು ಸ್ಪಷ್ಟ ಮಾಡಿಕೊಳ್ಳಿ: ದೋಣಿ ಎಲ್ಲಿಯವರೆಗೆ, ಅಲ್ಲಿಂದ ಮುಂದಿನ ಗಾಡಿಯ ಖರ್ಚು ಯಾರದು, ಊಟ ಮತ್ತು ಕುಡಿಯುವ ನೀರು ಸೇರಿದೆಯೇ, ಹೊದಿಕೆ ಎಷ್ಟು, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ. ಹಣ ಕೊಡುವ ಮೊದಲು ದೋಣಿಯನ್ನೂ ಅಂಬಿಗನನ್ನೂ ಕಣ್ಣಾರೆ ನೋಡಿ. ದಡದಲ್ಲಿ ಮಾತಾಡಿಸುವ ದಲ್ಲಾಳಿ ಒಬ್ಬ, ದೋಣಿ ನಡೆಸುವವನು ಇನ್ನೊಬ್ಬ ಆಗಿರುವುದು ಮಾಮೂಲು. ನಾವು ಮೊದಲು ಒಪ್ಪಿಕೊಂಡ ದಲ್ಲಾಳಿ ಆರು ಜನ ಎಂದು ಹೇಳಿ ಹನ್ನೊಂದು ಜನರನ್ನು ತುಂಬಿದ್ದ. ಮುಂಗಡ ಬಿಟ್ಟು ಬೇರೆ ದೋಣಿ ಹಿಡಿದೆವು.

ದಹಬಿಯಾ: ದುಡ್ಡಿದ್ದರೆ

ದಹಬ್ ಅಂದರೆ ಅರಬ್ಬಿಯಲ್ಲಿ ಚಿನ್ನ. ಹಿಂದೆ ಸಿರಿವಂತರು ಹೋಗುತ್ತಿದ್ದ ದೋಣಿಮನೆ ಇದು. ಎರಡು ಹಾಯಿ, ಆರರಿಂದ ಹತ್ತು ಕೋಣೆ, ಸ್ನಾನದ ಮನೆ, ಒಂದೇ ಉದ್ದ ಮೇಜಿನ ಊಟ. ಎಂಜಿನ್ ಇಲ್ಲ, ಗಾಳಿ ಇಲ್ಲದಾಗ ಒಂದು ಟಗ್ ದೋಣಿ ಎಳೆಯುತ್ತದೆ. ಬಹಳಷ್ಟು ದಹಬಿಯಾಗಳು ಎಸ್ನಾದಿಂದಲೇ ಹೊರಡುವುದರಿಂದ ಲಾಕ್‌ನ ಕಾಯುವಿಕೆ ತಪ್ಪುತ್ತದೆ. ಸಾಧಾರಣ ಕ್ರೂಸ್‌ಗಿಂತ ದರ ಹೆಚ್ಚು.

ಅಕ್ಕ ಬಂದು ಹೇಳಿದ್ದರಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಗೆಬೆಲ್ ಎಲ್ ಸಿಲ್‌ಸಿಲಾ ಬಗ್ಗೆ. ನದಿ ಬಹಳ ಕಿರಿದಾಗುವ ಜಾಗ ಅದು. ಎರಡೂ ದಡದಲ್ಲಿ ಮರಳುಗಲ್ಲಿನ ಗಣಿ. ಕರ್ನಾಕ್, ಎಡ್ಫು ಗುಡಿಗಳ ಕಲ್ಲು ಇಲ್ಲಿಂದಲೇ ಹೋದದ್ದು. ಕಡಿದು ತೆಗೆದ ಗೋಡೆಗಳಲ್ಲಿ ಉಳಿಯ ಗುರುತು ಸಾಲುಸಾಲಾಗಿ ಇನ್ನೂ ಇದೆಯಂತೆ. ಬಾದಾಮಿಯ ಕೆಂಪು ಮರಳುಗಲ್ಲು ನೋಡಿ ಬೆಳೆದ ನಮಗೆ ಅದು ಪರಿಚಯದ ನೋಟ. ಕ್ರೂಸ್ ಹಡಗುಗಳು ಇಲ್ಲಿ ನಿಲ್ಲುವುದಿಲ್ಲ, ನಾವು ತಾರಸಿಯಿಂದ ನೋಡುತ್ತಾ ದಾಟಿಹೋದೆವು. ದಹಬಿಯಾ ನಿಲ್ಲುತ್ತದೆ, ಎಲ್ ಕಾಬ್‌ನ ಬಂಡೆಯೊಳಗಿನ ಸಮಾಧಿಗಳ ಹತ್ತಿರವೂ ನಿಲ್ಲುತ್ತದೆ. ಅಲ್ಲಿ ಅಕ್ಕನವರ ಗುಂಪು ಬಿಟ್ಟರೆ ಕಾವಲುಗಾರ ಒಬ್ಬನೇ ಇದ್ದನಂತೆ. ಗುಡಿಯೂ ಬೇಕು, ನದಿಯೂ ಬೇಕು, ಶೌಚಾಲಯವೂ ಬೇಕು ಎನ್ನುವವರಿಗೆ ಇದೇ ಸರಿ. ಮಧುಚಂದ್ರಕ್ಕೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ. ಮಕ್ಕಳಿಗೆ ಮಾತ್ರ ಬೇಸರ ಬರಬಹುದು, ಈಜುಕೊಳ ಇರುವ ಕ್ರೂಸ್‌ನಲ್ಲಿ ಅವರು ಹೆಚ್ಚು ಖುಷಿಯಾಗಿರುತ್ತಾರೆ.

ಊಟ, ಚಳಿ, ನೀರು

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಫೂಲ್ ಎಂಬ ಬೇಯಿಸಿದ ಬಾಕಳೆ ಕಾಳು, ಅದೇ ಕಾಳಿನ ತಾಮಿಯಾ ವಡೆ, ಅನ್ನ-ಮಸೂರ-ಪಾಸ್ತಾಕ್ಕೆ ಟೊಮೆಟೊ ಸಾರು, ಹುರಿದ ಈರುಳ್ಳಿ ಹಾಕಿದ ಕೊಶರಿ, ತಹಿನಿ, ಉಬ್ಬಿದ ಗೋಧಿ ರೊಟ್ಟಿ. ಫೆಲುಕ್ಕಾದಲ್ಲಿ ರಯ್ಯಿಸ್ ಮಾಡಿದ್ದು ಹೆಚ್ಚೂಕಡಿಮೆ ಇಷ್ಟೇ, ಕ್ರೂಸ್‌ನ ಬಫೆಗಿಂತ ನನಗೆ ರುಚಿಯೆನಿಸಿತು. ಎಚ್ಚರ ಇರಬೇಕಾದದ್ದು ಸೂಪ್ ಮತ್ತು ಮೊಲೊಖಿಯಾ ಸೊಪ್ಪಿನ ಬಗ್ಗೆ, ಅವನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವುದು ವಾಡಿಕೆ. ‘ಅನಾ ನಬಾತಿ’ ಎಂದರೆ ನಾನು ಸಸ್ಯಾಹಾರಿ, ಹೆಂಗಸರು ನಬಾತಿಯ್ಯಾ ಅನ್ನಬೇಕು. ಅದಕ್ಕಿಂತ ಬೇಗ ಅರ್ಥವಾಗುವ ಪದ ‘ಸಿಯಾಮಿ’. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಟ್ಟು ತಿನ್ನುವ ಅಡುಗೆಗೆ ಹಾಗನ್ನುತ್ತಾರೆ. ಅಸ್ವಾನಿನಲ್ಲಿ ಎಲ್ಲೆಡೆ ಕೊಡುವ ಕೆಂಪು ಪಾನೀಯ ಕರ್ಕದೆ, ನಮ್ಮ ಪುಂಡಿಪಲ್ಯದ ಬಳಗದ ಗಿಡದ್ದೇ. ಉತ್ತರ ಕರ್ನಾಟಕದವರಿಗೆ ಆ ಹುಳಿ ನಾಲಿಗೆಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ.

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋಗುವ ಕಾಲ. ಬೇಸಿಗೆಯಲ್ಲಿ ಅಸ್ವಾನಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಎಸಿ ಇರುವ ಕ್ರೂಸ್ ಬಿಟ್ಟು ಬೇರೆ ಮಾತೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಫೆಲುಕ್ಕಾದ ರಾತ್ರಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಚಳಿ. ನೀರಿನ ಮೇಲಿನ ಗಾಳಿ ಹೊದಿಕೆಯೊಳಗೆ ನುಗ್ಗುತ್ತದೆ, ಸ್ವೆಟರ್, ಟೋಪಿ, ಕಾಲುಚೀಲ ಇರಲೇಬೇಕು. ಫೆಲುಕ್ಕಾಗೆ ಮಾರ್ಚ್ ಅಥವಾ ನವೆಂಬರ್ ಹಿತ.

ದೋಣಿಯಿಂದ ಹೊಳೆಗೆ ಹಾರಿ ಈಜುವವರನ್ನು ನೋಡುತ್ತೀರಿ. ನೈಲ್ ನೀರಿನಲ್ಲಿ ಬಿಲ್‌ಹಾರ್ಜಿಯಾ ಎಂಬ ಪರಾವಲಂಬಿ ಹುಳುವಿನ ರೋಗದ ಅಪಾಯ ಇದೆ. ಬಸವನಹುಳುವಿನಿಂದ ಹೊರಬಂದ ಮರಿಗಳು ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತವೆ. ಜೊಂಡು ಬೆಳೆದ, ನೀರು ನಿಂತ ದಡದಲ್ಲಿ ಅಪಾಯ ಹೆಚ್ಚು. ನಾವು ಇಳಿಯಲಿಲ್ಲ. ಬಕ್ಷೀಸಿಗೆಂದು ಚಿಲ್ಲರೆ ನೋಟುಗಳನ್ನು ಬೇರೆ ಇಟ್ಟುಕೊಳ್ಳಿ. ಹಡಗಿನಲ್ಲಿ ಕೊನೆಯ ದಿನ ಲಕೋಟೆಯಲ್ಲಿ ಒಟ್ಟಿಗೆ ಕೊಡುವ ಪದ್ಧತಿ, ಫೆಲುಕ್ಕಾದಲ್ಲಿ ರಯ್ಯಿಸ್ ಕೈಗೂ ಹುಡುಗನ ಕೈಗೂ ಬೇರೆ ಬೇರೆಯಾಗಿ ಕೊಡಿ.

ಕೊನೆಗೆ, ವಯಸ್ಸಾದವರ ಜೊತೆ ಕ್ರೂಸ್‌ಗೆ ಹೋಗುವವರಿಗೆ ನಾನು ಹೇಳುವ ಏರ್ಪಾಡು ಇದು. ಕ್ರೂಸ್ ಅಸ್ವಾನಿನಲ್ಲಿ ಮುಗಿಯುವಂತೆ ನೋಡಿಕೊಂಡು, ಅಲ್ಲಿ ಒಂದು ದಿನ ಹೆಚ್ಚಿಗೆ ಉಳಿಯಿರಿ. ಸಂಜೆ ನಾಲ್ಕಕ್ಕೆ ಒಂದು ಫೆಲುಕ್ಕಾವನ್ನು ಎರಡು ಗಂಟೆಗೆ ಮಾತಾಡಿ, ಎಲಿಫಂಟೈನ್ ದ್ವೀಪ ಸುತ್ತಿಸಿಕೊಂಡು ಬನ್ನಿ. ದೋಣಿ ಹತ್ತುವ ಹಲಗೆ ಅಲುಗದಂತೆ ಹುಡುಗ ಕಾಲಿಟ್ಟು ಹಿಡಿದುಕೊಳ್ಳುತ್ತಾನೆ, ನಮ್ಮ ಅಮ್ಮ ಮಂಡಿನೋವಿನಲ್ಲೂ ಹತ್ತಿದ್ದರು. ದೋಣಿ ಬಂಡೆಗಳ ನಡುವೆ ತಿರುಗಿ ಗಾಳಿ ಹಾಯಿಗೆ ತುಂಬಿದಾಗ ಅವರು ಸೆರಗು ಬಿಗಿಯಾಗಿ ಹಿಡಿದುಕೊಂಡು, ‘ಇದಕ್ಕೆ ಸದ್ದೇ ಇಲ್ವಲ್ಲೋ’ ಅಂದರು. ನಾಲ್ಕು ದಿನ ಎಂಜಿನ್ ಮೇಲೆ ಮಲಗಿದ್ದವರು ಅದನ್ನು ಅಂದದ್ದು. ಮುಂದಿನ ಸಲ ರಾತ್ರಿ ಉಳಿಯುವ ಫೆಲುಕ್ಕಾ ಹತ್ತಬೇಕೆಂದು ನಾನು ನಿಶ್ಚಯ ಮಾಡಿದ್ದು ಆ ಹೊತ್ತಿನಲ್ಲೇ.